ಜನರಿಲ್ಲದ ಬೀದಿ

ಇಂಗ್ಲೆಂಡಿನ ಟೆಲಿವಿಷನ್ನಿನಲ್ಲಿ 1961ನೆಯ ಇಸವಿ ಜನವರಿ 7ನೆಯ ತಾರೀಖು ಮೊದಲಾಗಿ 1969ನೆಯ ಇಸವಿ ಮೇ ತಿಂಗಳ ಪರ್ಯಂತ, ನಡುನಡುವೆ ಬಿಡುವು ಕೊಟ್ಟುಕೊಂಡು, ಒಟ್ಟು 161 ಕಂತುಗಳಲ್ಲಿ ನಡೆದ ‘ದಿ ಅವೆಂಜರ್ಸ್’ ಎಂಬ ಗೂಢಚಾರರ ಕಥಾಮಾಲೆಗೆ ಈಗಲೂ ಭಕ್ತರಿದ್ದಾರೆ. ಲೋಹದ ಕವಚ ತೊಟ್ಟು ಆಕಾಶದಲ್ಲಿ ಹಾರಾಡುವ ಅಮೆರಿಕಾದ ವೀರರ ಚಿತ್ರಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಆದರೂ 2012ರಲ್ಲಿ ಆ ಚಿತ್ರವು ಬ್ರಿಟನ್ನಿಗೆ ಬಂದಾಗ, ಜನರು ಹಳೆಯದೆಂದು ತಪ್ಪು ತಿಳಿದಾರೆಂಬ ಭಯದಿಂದ ಅಲ್ಲಿ ಅದಕ್ಕೆ ‘ಅವೆಂಜರ್ಸ್ ಅಸೆಂಬಲ್’ ಎಂದು ಬೇರೆ ಹೆಸರನ್ನಿಡಬೇಕಾಯಿತು. ಮುಗಿದು ನಾಲ್ವತ್ತು ವರ್ಷಗಳ ಮೇಲಾಗಿದ್ದ ಕಥೆಯೊಂದಕ್ಕೆ ಹೊಸಬರು ಹೀಗೆ ದಾರಿ ಬಿಟ್ಟುಕೊಟ್ಟರೆಂದ ಮೇಲೆ, ಅದು ಬರಿಯ ಹಳೆಯ ಕಸವಲ್ಲವೆಂಬುದಂತೂ ದಿಟ. ಕಸವಲ್ಲದ್ದನ್ನು ನೋಡುವ ಕ್ರಮ ಯಾವುದು, ಅದನ್ನು ಹೊಗಳುವವರು ಏನನ್ನು ಮುಚ್ಚಿಡುತ್ತಿರುವರು ಎಂಬುದೇ ಇಲ್ಲಿಯ ವಿವಾದ.

ಕಥೆಯ ಬಾಹ್ಯಸ್ವರೂಪವನ್ನು ಹೇಳುವುದು ಸುಲಭ. ಜಾನ್ ಸ್ಟೀಡ್ ಎಂಬ ಸದ್ಗೃಹಸ್ಥನೊಬ್ಬನಿರುವನು. ತಲೆಯ ಮೇಲೆ ಬೌಲರ್ ಟೋಪಿ, ಕೈಯಲ್ಲಿ ಬಿಗಿಯಾಗಿ ಸುತ್ತಿದ ಕೊಡೆ, ಮೈಮೇಲೆ ಒಂದು ಮಡಿಕೆಯೂ ಕೆಡದ ಉಡುಪು. ಪ್ಯಾಟ್ರಿಕ್ ಮ್ಯಾಕ್ನೀ ಎಂಬ ನಟನು ಮೊದಲಿನಿಂದ ಕಡೆಯವರೆಗೆ ಈ ಪಾತ್ರವನ್ನು ವಹಿಸಿದನು. ಮೊದಲನೆಯ ವರ್ಷದಲ್ಲಿ ಸ್ಟೀಡನು ಎರಡನೆಯವನು. ಕೊಲೆಯಾದ ತನ್ನ ಭಾವೀ ಪತ್ನಿಯ ಸೇಡನ್ನು ತೀರಿಸಹೊರಟ ವೈದ್ಯನೊಬ್ಬನು ಮುಖ್ಯ ನಾಯಕ. ಸೇಡು ತೀರಿಸುವವರೆಂಬ ಹೆಸರು ಅದರಿಂದಲೇ ಬಂದಿತು. ವೈದ್ಯನು ಒಂದೇ ವರ್ಷದಲ್ಲಿ ಹೊರಟುಹೋದನು. ಸೇಡೂ ಅವನೊಡನೆ ಹೋಯಿತು. ಹೆಸರು ಮಾತ್ರ ನಿಂತುಕೊಂಡಿತು. ಬಳಿಕ ಸ್ಟೀಡನ ಸರಿಸಾಟಿಯಾಗಿ ಸ್ತ್ರೀಯರು ಬಂದರು: 1962ರಿಂದ 1964ರವರೆಗೆ ಆನರ್ ಬ್ಲ್ಯಾಕ್‌ಮನ್ ಅಭಿನಯಿಸಿದ ಕ್ಯಾಥಿ ಗೇಲ್, 1965ರಿಂದ ಡಯಾನಾ ರಿಗ್ ಅಭಿನಯಿಸಿದ ಎಮ್ಮಾ ಪೀಲ್, ಕಡೆಯಲ್ಲಿ ಲಿಂಡಾ ಥಾರ್ಸನ್ ಅಭಿನಯಿಸಿದ ಟೇರಾ ಕಿಂಗ್. ಹುಚ್ಚು ವಿಜ್ಞಾನಿಗಳು, ಸ್ವಾಮಿದ್ರೋಹಿಗಳಾದ ಸೇನಾಧಿಪತಿಗಳು, ಊರಿಗೆ ಊರೇ ಒಂದಾಗಿ ಕೊಲೆಯನ್ನು ಮುಚ್ಚಿಹಾಕುವ ಹಳ್ಳಿಗಳು—ಇವರನ್ನು ಈ ಜೋಡಿಯು ವಾರಕ್ಕೊಂದರಂತೆ ಪತ್ತೆಹಚ್ಚಿ ಮುಗಿಸುವುದು.

ಭಕ್ತರ ಪಕ್ಷವು ಎರಡು ಮಾತುಗಳ ಮೇಲೆ ನಿಂತಿದೆ. ಇದು ಶುದ್ಧ ವಿನೋದ, ಆದುದರಿಂದ ಇದನ್ನು ಲೋಕದ ನ್ಯಾಯಾನ್ಯಾಯಗಳಿಂದ ಅಳೆಯುವುದು ರಸಹೀನರ ಕೆಲಸ ಎಂಬುದು ಮೊದಲನೆಯದು. ಸ್ತ್ರೀಗೆ ಸಮಾನಸ್ಥಾನವನ್ನು ಕೊಟ್ಟ ಮೊದಲ ಕಥಾಮಾಲೆಗಳಲ್ಲಿ ಇದೊಂದು, ಆದುದರಿಂದ ಇದರ ಕರ್ತರು ಕಾಲಕ್ಕಿಂತ ಮುಂದೆ ನಡೆದವರು ಎಂಬುದು ಎರಡನೆಯದು. ಈ ಎರಡು ಮಾತುಗಳೂ ಒಂದೇ ಬಾಯಿಂದ ಹೊರಡುವುದು ಆಶ್ಚರ್ಯ! ಲೋಕದ ಅಳತೆಯು ಬೇಡವೆಂದವರು ಸ್ತ್ರೀಯ ವಿಷಯ ಬಂದೊಡನೆ ಅದೇ ಅಳತೆಗೋಲನ್ನು ತಾವೇ ಎತ್ತಿಕೊಂಡು ಬರುತ್ತಾರೆ. ಹೊಗಳಿಕೆಗೆ ಬೇಕಾದ ಅಳತೆಯು ಆಕ್ಷೇಪಣೆಗೆ ಏಕೆ ಬೇಡವೋ ತಿಳಿಯದು.

ವಿನೋದವೆಂಬ ಮಾತನ್ನೇ ಮೊದಲು ಪರೀಕ್ಷಿಸಬಹುದು. 1965ರಿಂದ ಈ ಕಥಾಮಾಲೆಯ ಸ್ವರೂಪವನ್ನು ನಿರ್ಣಯಿಸಿದವರಲ್ಲಿ ಮುಖ್ಯನಾದವನು ಬ್ರಯನ್ ಕ್ಲೆಮೆನ್ಸ್ ಎಂಬ ಲೇಖಕ. ತನ್ನ ಕಲ್ಪಿತಲೋಕದ ನಿಯಮಗಳನ್ನು ಅವನು ಮರೆಮಾಚದೆ ಹೇಳಿಕೊಂಡಿರುವನು. ಆ ಲೋಕದಲ್ಲಿ ಹೆಂಗಸರನ್ನು ಕೊಲ್ಲತಕ್ಕದ್ದಲ್ಲ, ರಕ್ತವನ್ನು ತೋರಿಸತಕ್ಕದ್ದಲ್ಲ, ಬೀದಿಯಲ್ಲಿ ಸಾಮಾನ್ಯ ಜನರು ಸುಳಿಯತಕ್ಕದ್ದಲ್ಲ, ಒಂದೇ ವರ್ಗದವರಿಗೆ ಮಾತ್ರ ಪ್ರವೇಶ, ಸಮವಸ್ತ್ರದ ಪೋಲೀಸಿನವನೂ ಕರಿಯ ಮೈಬಣ್ಣದವನೂ ಕಾಣಿಸಿಕೊಳ್ಳಕೂಡದು. ಏಕೆಂದರೆ ಅಂತಹವನೊಬ್ಬನು ಬಂದನೆಂದರೆ ಅವನ ಬೆನ್ನ ಹಿಂದೆ ಸಮಾಜದ ನಿಜಸ್ಥಿತಿಯೆಂಬ ಮಾನದಂಡವೂ ಬಂದು, ಎಲ್ಲವೂ ಹಾಸ್ಯಾಸ್ಪದವಾಗಿಬಿಡುವುದೆಂದು ಅವನ ಸಮಾಧಾನ.

ಈ ಸಮಾಧಾನವನ್ನು ಎರಡು ಬಾರಿ ಓದಬೇಕು. ಅದರಲ್ಲಿ ದ್ವೇಷವಿಲ್ಲ, ಕಲೆಗಾರನ ಲೆಕ್ಕಾಚಾರವೊಂದೇ ಇರುವುದು. ಅದರಿಂದಲೇ ಅದು ಹೆಚ್ಚು ಯೋಚನೆಗೆ ತಕ್ಕುದು. ಕಂತು ಕಂತಿಗೂ ಲಾರ್ಡನು ಬರುತ್ತಾನೆ, ನಿವೃತ್ತನಾದ ಕರ್ನಲನು ಬರುತ್ತಾನೆ, ಬೇಟೆನಾಯಿಗಳನ್ನು ಸಾಕಿದ ಜಮೀನುದಾರನು ಬರುತ್ತಾನೆ. ಇವರೆಲ್ಲರೂ ಸಮಾಜದಲ್ಲಿರುವವರೇ ಅಲ್ಲವೆ? ಇವರ ಹಿಂದೆ ನಿಜಸ್ಥಿತಿಯು ಏಕೆ ಬಾರದು? ಲಾರ್ಡನ ಜಮೀನು ಎಲ್ಲಿಂದ ಬಂದಿತು, ಕರ್ನಲನು ಯಾವ ದೇಶದಲ್ಲಿ ಯಾರ ಮೇಲೆ ಗುಂಡು ಹಾರಿಸಿ ಪದಕಗಳನ್ನು ಪಡೆದನು ಎಂದು ಯಾರೂ ಕೇಳುವುದಿಲ್ಲ. ಅವರು ಬಂದರೆ ವಿನೋದ. ಬಸ್ಸು ನಡೆಸುವ ಜಮೈಕದವನೊಬ್ಬನು, ಕಾರ್ಖಾನೆಯಿಂದ ಮನೆಗೆ ಹಿಂದಿರುಗುವ ಪಂಜಾಬಿನವನೊಬ್ಬನು ಬೀದಿಯ ಅಂಚಿನಲ್ಲಿ ನಡೆದುಹೋದರೆ ಸಾಕು, ವಿನೋದವು ಕೆಟ್ಟಿತು! ಶುದ್ಧ ವಿನೋದವೆಂಬುದು ಹೀಗೆ ಯಾರನ್ನು ಕಂಡರೆ ಮನಸ್ಸಿಗೆ ಕಸಿವಿಸಿಯಾಗುವುದೋ ಅವರನ್ನು ಹೊರಗಿಟ್ಟು ಸಂಪಾದಿಸಿದ ಶುದ್ಧಿ. ಮಡಿಯ ಮರ್ಮವನ್ನು ಬಲ್ಲ ಕನ್ನಡ ಮನೆಗಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಆ ಬೀದಿಗಳು ನಿಜವಾಗಿಯೂ ಬರಿದಾಗಿದ್ದುವೆ? 1948ರಲ್ಲಿ ‘ಎಂಪೈರ್ ವಿಂಡ್‌ರಷ್’ ಹಡಗು ವೆಸ್ಟ್ ಇಂಡೀಸಿನ ಜನರನ್ನು ತಂದು ಇಳಿಸಿದುದು ಮೊದಲಾಗಿ, ಇಂಗ್ಲೆಂಡಿನ ಬಸ್ಸುಗಳನ್ನೂ ರೈಲುಗಳನ್ನೂ ಆಸ್ಪತ್ರೆಗಳನ್ನೂ ನಡೆಸುವುದರಲ್ಲಿ ಹೊರಗಿನಿಂದ ಬಂದವರ ದುಡಿಮೆಯು ಸೇರಿಹೋಗಿದ್ದಿತು. 1958ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್ಲಿನಲ್ಲಿ ಅವರ ಮೇಲೆ ದೊಂಬಿ ನಡೆಯಿತು. ಅವರ ಆಗಮನಕ್ಕೆ ಅಡ್ಡಗಟ್ಟೆ ಹಾಕುವ ಕಾನೂನು 1962ರಲ್ಲಿ ಬಂದಿತು. ವರ್ಣಭೇದವನ್ನು ತಡೆಯುವ ಮೊದಲ ಕಾನೂನು 1965ರಲ್ಲಿ, ಎಮ್ಮಾ ಪೀಲಳು ಪರದೆಗೆ ಬಂದ ವರ್ಷದಲ್ಲಿಯೇ, ಬಂದಿತು. 1968ರಲ್ಲಿ ಕೀನ್ಯಾದಿಂದ ಹೊರಟುಬರುತ್ತಿದ್ದ ಭಾರತೀಯ ಮೂಲದವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟು ಇದ್ದರೂ ಅವರಿಗೆ ಬಾಗಿಲು ಹಾಕುವಂತಹ ಶಾಸನವನ್ನು ಪಾರ್ಲಿಮೆಂಟು ಕೆಲವೇ ದಿನಗಳಲ್ಲಿ ಮಾಡಿ ಮುಗಿಸಿತು. ಆಗ ಸ್ಟೀಡನು ಖಾಲಿ ಬೀದಿಗಳಲ್ಲಿ ಕೊಡೆ ತಿರುಗಿಸುತ್ತ ನಡೆಯುತ್ತಿದ್ದನು. ಬಾಗಿಲು ಹಾಕುವ ಕೆಲಸವನ್ನು ಪಾರ್ಲಿಮೆಂಟು ಮಾಡುವುದಕ್ಕೆ ಮೊದಲೇ ಅವನ ಕರ್ತೃಗಳು ಚಿತ್ರದಲ್ಲಿ ಮಾಡಿದ್ದರು.

ಕಾಲವೇ ಹಾಗಿದ್ದಿತು, ಆಗಿನವರನ್ನು ಈಗಿನ ಬುದ್ಧಿಯಿಂದ ದೂಷಿಸಬಾರದು ಎಂದು ಕೂಡಲೇ ಉತ್ತರ ಬರುವುದು. ಆದರೆ ಈ ಉತ್ತರವು ಆ ಕಾಲದ ಚರಿತ್ರೆಯೆದುರು ನಿಲ್ಲಲಾರದು. ಇಂಗ್ಲೆಂಡಿನ ಅದೇ ಖಾಸಗಿ ಟೆಲಿವಿಷನ್ ವ್ಯವಸ್ಥೆಯಲ್ಲಿ, 1964ರಲ್ಲಿ, ‘ಎಮರ್ಜೆನ್ಸಿ ವಾರ್ಡ್ 10’ ಎಂಬ ಆಸ್ಪತ್ರೆಯ ಕಥಾಮಾಲೆಯು ಜೋನ್ ಹೂಲಿ ಎಂಬ ಕರಿಯ ನಟಿಗೆ ಶಸ್ತ್ರವೈದ್ಯೆಯ ಪಾತ್ರವನ್ನು ಕೊಟ್ಟಿದ್ದಿತು. ಇನ್ನು ಗೂಢಚಾರರ ಮಾತು. ‘ದಿ ಅವೆಂಜರ್ಸ್’ ತಯಾರಿಸುತ್ತಿದ್ದ ಎ.ಬಿ.ಸಿ. ಕಂಪೆನಿಯೇ 1967ರಲ್ಲಿ ಜೇಮ್ಸ್ ಮಿಚೆಲ್ ಬರೆದ ‘ಕ್ಯಾಲನ್’ ಕಥೆಯನ್ನು ಆರಂಭಿಸಿತು. ಎಡ್ವರ್ಡ್ ವುಡ್‌ವರ್ಡ್ ಅಭಿನಯಿಸಿದ ಆ ಕ್ಯಾಲನನಿಗೆ ಟೋಪಿಯಿಲ್ಲ, ಕೊಡೆಯಿಲ್ಲ. ಕೊಳಕು ಕೋಣೆ, ಕೀಳಾದ ಸಂಬಳ, ಮೇಲಧಿಕಾರಿಯ ತಿರಸ್ಕಾರ, ಕೊಲ್ಲಬೇಕೆಂದು ಆಜ್ಞೆಯಾದವನ ಮೇಲೆ ಹುಟ್ಟುವ ಕನಿಕರ—ಇಷ್ಟು ಅವನ ಆಸ್ತಿ. ಒಂದೇ ಕಂಪೆನಿ, ಒಂದೇ ವರ್ಷ, ಒಂದೇ ಗುಪ್ತದಳ. ಕಾಲವು ಯಾರ ಕೈಯನ್ನೂ ಕಟ್ಟಿಹಾಕಿರಲಿಲ್ಲ. ಕೈಗಳು ತಮಗೆ ಬೇಕಾದುದನ್ನು ಆರಿಸಿಕೊಂಡುವು.

ನಿಯಮಕ್ಕೆ ಅಪವಾದಗಳೇ ಇಲ್ಲವೆಂದಲ್ಲ. ಇಲ್ಲಿ ಎರಡನ್ನು ಹೇಳಿದರೆ ಸಾಕು; ಎರಡೂ 1966ನೆಯ ಇಸವಿಯವು, ಎರಡೂ ಒಂದಕ್ಕೊಂದು ವಿರುದ್ಧವಾದುವು.

‘ಹನಿ ಫಾರ್ ದಿ ಪ್ರಿನ್ಸ್’ ಎಂಬ ಕಂತಿನಲ್ಲಿ ಬರೇಬಿಯಾ ಎಂಬ ಕಲ್ಪಿತದೇಶದ ರಾಜಕುಮಾರನೊಬ್ಬನಿರುವನು. ಅಂತಃಪುರದ ತುಂಬ ಹೆಂಡಿರು, ಎದುರಿಗೆ ತೆಳುಸೆರಗುಗಳನ್ನು ಕಳಚುತ್ತ ಕುಣಿಯುವ ಎಮ್ಮಾ ಪೀಲ್. ಈ ರಾಜಕುಮಾರನ ವೇಷವನ್ನು ಹಾಕಿದವನು ಜಿಯಾ ಮೊಹಿಯುದ್ದೀನ್. ಈತನು ಯಾರು? ಲಾಯಲ್‌ಪುರದಲ್ಲಿ 1931ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನಾಟ್ಯಶಿಕ್ಷಣ ಪಡೆದು, 1960ರಲ್ಲಿ ಅಲ್ಲಿಯ ರಂಗಭೂಮಿಯ ಮೇಲೆ ‘ಎ ಪ್ಯಾಸೇಜ್ ಟು ಇಂಡಿಯಾ’ ನಾಟಕದಲ್ಲಿ ಡಾಕ್ಟರ್ ಅಜೀಜನಾಗಿ ಕೀರ್ತಿ ಪಡೆದವನು. ಫಾರ್‌ಸ್ಟರನ ಆ ಕಾದಂಬರಿಯನ್ನು ನಾಟಕರೂಪಕ್ಕೆ ತಂದವರು ಶಾಂತಾ ರಾಮರಾವ್. ಮಂಗಳೂರಿನ ಕಡೆಯ ಬೆನೆಗಲ್ ಮನೆತನದವರು, ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದ ಬೆನೆಗಲ್ ರಾಮರಾಯರ ಮಗಳು. ಸುಳ್ಳು ಆಪಾದನೆಗೆ ಗುರಿಯಾಗಿ ನ್ಯಾಯಸ್ಥಾನದಲ್ಲಿ ನಿಂತ ಭಾರತೀಯನ ಮಾನಾಪಮಾನಗಳನ್ನೆಲ್ಲ ಅಭಿನಯಿಸಿ ತೋರಿಸಿದ ನಟನಿಗೆ ಆರು ವರ್ಷಗಳ ಮೇಲೆ ಟೆಲಿವಿಷನ್ನು ಕೊಟ್ಟುದು ಅಂತಃಪುರದ ಗಾದಿ! ಆ ಪಾತ್ರವನ್ನು ಅವನು ಚುರುಕಾಗಿ, ತಾನೇ ತನ್ನ ವೇಷವನ್ನು ನೋಡಿ ನಗುವಂತೆ, ಅಭಿನಯಿಸಿದನೆಂಬುದು ಬೇರೆಯ ಮಾತು. ಅದು ನಟನ ಹಿರಿಮೆಯೇ ಹೊರತು ಬರೆದವರದಲ್ಲ. ಪೂರ್ವದೇಶದವನು ಆ ಲೋಕದೊಳಗೆ ಬರಬಹುದಾಗಿದ್ದುದು ಬೊಂಬೆಯಾಗಿ; ನೆರೆಮನೆಯವನಾಗಿ ಅಲ್ಲ.

ಎರಡನೆಯ ಅಪವಾದವು ‘ಸ್ಮಾಲ್ ಗೇಮ್ ಫಾರ್ ಬಿಗ್ ಹಂಟರ್ಸ್’ ಎಂಬುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಲಂಡನ್ನಿಗೆ ಸಮೀಪದ ಹರ್ಟ್‌ಫರ್ಡ್‌ಶೈರಿನ ಹೊಲಗದ್ದೆಗಳ ನಡುವೆ ಒಂದು ಮನೆಯಿರುವುದು. ಅದರ ಸುತ್ತ ಕಾಡು ಬೆಳೆಸಿದೆ. ಒಳಗೆ ಸೆಕೆಯಿಂದ ಬೆವರುವಷ್ಟು ಕಾವು. ಸೇವಕರು, ಡೋಲಿನ ಸದ್ದು, ಸಂಜೆಯ ಮದ್ಯ, ಎಲ್ಲವೂ ಆಫ್ರಿಕಾದ ವಸಾಹತಿನಲ್ಲಿದ್ದಂತೆಯೇ. ಅಲ್ಲಿಯ ಕರ್ನಲ್ ರಾಲಿಂಗ್ಸನು ತಾನಿನ್ನೂ ಕಲಾಯಾ ಎಂಬ ವಸಾಹತಿನಲ್ಲಿಯೇ ಇರುವೆನೆಂದು ನಂಬಿ ಬದುಕುತ್ತಿರುವನು. ಆ ದೇಶವು ಸ್ವತಂತ್ರವಾಗಿ ಹೋಗಿದೆ. ಆದರೆ ಮುದುಕನಿಗೆ ಯಾರೂ ಹೇಳಿಲ್ಲ, ಹೇಳುವ ಧೈರ್ಯವೂ ಯಾರಿಗೂ ಇಲ್ಲ. ಅವನ ಭ್ರಮೆಯ ಮರೆಯಲ್ಲಿ ಕೆಲವರು ನಿದ್ರಾರೋಗವನ್ನು ಹರಡುವ ತ್ಸೆತ್ಸೆ ನೊಣಗಳನ್ನು ಬೆಳೆಸಿ, ಅವುಗಳಿಂದ ಕಲಾಯಾದ ಜನರನ್ನು ಕೆಡವಿ, ಮತ್ತೆ ಆ ದೇಶವನ್ನು ಹಿಡಿಯುವ ಸಂಚು ಹೂಡಿರುವರು. ಆ ಸಂಚನ್ನು ಮುರಿಯುವುದರಲ್ಲಿ ಸ್ಟೀಡನೊಡನೆ ನಿಲ್ಲುವವನು ಕಲಾಯಾ ದೇಶದ ಗುಪ್ತದಳದವನೇ ಆದ ರಜಾಫಿ. ಪಾಲ್ ಡಂಕ್ವಾ ಎಂಬ ಕರಿಯ ನಟನು ಆ ಪಾತ್ರವನ್ನು ವಹಿಸಿದನು.

ಇಂಗ್ಲೆಂಡು ಆ ದಿನಗಳಲ್ಲಿ ಇದ್ದ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆಗಳು ಕಡಮೆ. 1956ರಲ್ಲಿ ಸೂಯೆಜಿನಲ್ಲಿ ಮುಖಭಂಗವಾಗಿದ್ದಿತು. 1957ರಲ್ಲಿ ಘಾನಾ, 1960ರಲ್ಲಿ ನೈಜೀರಿಯಾ, 1963ರಲ್ಲಿ ಕೀನ್ಯಾ ಕೈಬಿಟ್ಟಿದ್ದುವು. ಆದರೂ ಬೆಚ್ಚನೆಯ ಕೋಣೆಯೊಳಗೆ ಕುಳಿತು, ಹೊರಗೆ ಇನ್ನೂ ಡೋಲು ಬಾರಿಸುತ್ತಿರುವುದೆಂದು ನಂಬಿದ ಕರ್ನಲರು ಬಹಳ ಮಂದಿಯಿದ್ದರು. ಕ್ಲೆಮೆನ್ಸನ ನಿಯಮದಂತೆ ಕರಿಯ ಮನುಷ್ಯನು ಪ್ರವೇಶಿಸಿದೊಡನೆ ಕಥೆಯು ಹಾಸ್ಯಾಸ್ಪದವಾಗಬೇಕಾಗಿದ್ದಿತು. ಆದದ್ದೇನು? ಹಾಸ್ಯಾಸ್ಪದನಾದವನು ಕರ್ನಲನು, ಕಥೆಗೆ ತೂಕ ಬಂದಿತು. ವಿನೋದವೂ ಕಡಮೆಯಾಗಲಿಲ್ಲ, ಹರ್ಟ್‌ಫರ್ಡ್‌ಶೈರಿನ ಮಂಜಿನಲ್ಲಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದ ಸಾಮ್ರಾಜ್ಯವನ್ನು ಕಂಡು ನಗದವರು ಯಾರು? ತನ್ನ ನಿಯಮವು ಸುಳ್ಳೆಂಬುದಕ್ಕೆ ಈ ಕಥಾಮಾಲೆಯು ತಾನೇ ಒದಗಿಸಿದ ಸಾಕ್ಷ್ಯವಿದು. ಭಕ್ತರ ಹೊಗಳಿಕೆಯಲ್ಲಿ ಈ ಕಂತಿಗೆ ದೊರೆಯುವ ಸ್ಥಳವು ಮಾತ್ರ ಎಮ್ಮಾ ಪೀಲಳ ಉಡುಪಿಗೆ ದೊರೆಯುವುದರ ಹತ್ತರಲ್ಲೊಂದು ಪಾಲೂ ಇಲ್ಲ.

ಉಡುಪಿನ ಮಾತು ಬಂದುದರಿಂದ ಸ್ತ್ರೀಸ್ವಾತಂತ್ರ್ಯದ ಪಕ್ಷವನ್ನೂ ಇಲ್ಲಿಯೇ ವಿಚಾರಿಸಬಹುದು. ಕ್ಯಾಥಿ ಗೇಲಳ ಪಾತ್ರವು ಟೆಲಿವಿಷನ್ನಿಗೆ ಹೊಸದೆಂಬುದರಲ್ಲಿ ಸಂಶಯವಿಲ್ಲ. ಮಾನವಶಾಸ್ತ್ರವನ್ನು ಬಲ್ಲ, ಜುಡೋ ಕಲಿತ, ಸ್ಟೀಡನ ಕಪಟಗಳನ್ನು ಮುಖದೆದುರೇ ಖಂಡಿಸುವ ವಿಧವೆ ಆಕೆ. ಆದರೆ ಈ ಹೊಸತನದಲ್ಲಿ ಕರ್ತರ ದೂರದೃಷ್ಟಿ ಎಷ್ಟು, ಅವಸರ ಎಷ್ಟು? ಪುರುಷಪಾತ್ರಕ್ಕೆಂದು ಮೊದಲೇ ಬರೆದಿಟ್ಟಿದ್ದ ಪ್ರಕರಣಗಳಲ್ಲಿ ಕೆಲವನ್ನು ಹೆಚ್ಚೇನೂ ತಿದ್ದದೆ ಆಕೆಯ ಕೈಗೆ ಕೊಟ್ಟಿದ್ದರು. ಗಂಡಸಿನ ಮಾತುಗಳನ್ನು ಹೆಂಗಸು ಆಡಿದಾಗ ಅವು ಒಪ್ಪಿದುವೆಂಬುದು ಅವರಿಗೂ ಹೊಸ ಸುದ್ದಿಯಾಗಿದ್ದೀತು. ಎಮ್ಮಾ ಪೀಲಳ ಹೆಸರಿನ ಹುಟ್ಟಂತೂ ಎಲ್ಲರಿಗೂ ಗೊತ್ತಿರತಕ್ಕದ್ದೇ: ಗಂಡಸರಿಗೆ ಹಿಡಿಸುವ ಆಕರ್ಷಣೆಯಿರಬೇಕೆಂಬುದನ್ನು ಇಂಗ್ಲಿಷಿನಲ್ಲಿ ‘ಮ್ಯಾನ್ ಅಪೀಲ್’ ಎಂದು ಹೇಳಿ, ಅದನ್ನು ‘ಎಂ ಅಪೀಲ್’ ಎಂದು ಮೊಟಕುಮಾಡಿ, ಅದರಿಂದ ಎಮ್ಮಾ ಪೀಲ್ ಎಂಬ ಹೆಸರನ್ನು ಹೊಸೆದರು. ಸ್ವಾತಂತ್ರ್ಯದೇವತೆಗೆ ಇಂತಹ ನಾಮಕರಣ! 1966ರ ‘ಎ ಟಚ್ ಆಫ್ ಬ್ರಿಮ್‌ಸ್ಟೋನ್’ ಕಂತಿನಲ್ಲಿ ಆಕೆಗೆ ಕೊರಳಲ್ಲಿ ಮುಳ್ಳುಪಟ್ಟಿಯನ್ನೂ ಕೈಯಲ್ಲಿ ಹಾವನ್ನೂ ಕೊಟ್ಟು ‘ಪಾಪದ ರಾಣಿ’ಯನ್ನಾಗಿ ನಿಲ್ಲಿಸಿದರು; ಅಮೆರಿಕಾದ ಪ್ರಸಾರಸಂಸ್ಥೆಯು ಅದನ್ನು ತನ್ನ ಜನರಿಗೆ ತೋರಿಸಲೇ ಇಲ್ಲ.

ಪಾತ್ರವನ್ನು ಬಿಟ್ಟು ಪಾತ್ರಧಾರಿಣಿಯ ಕಡೆಗೆ ತಿರುಗಿದರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ಡಯಾನಾ ರಿಗ್ 1938ರಲ್ಲಿ ಡಾನ್‌ಕಾಸ್ಟರಿನಲ್ಲಿ ಹುಟ್ಟಿ, ಕೈಕೂಸಾಗಿರುವಾಗಲೇ ಭಾರತಕ್ಕೆ ಬಂದಳು. ಆಕೆಯ ತಂದೆ ಬಿಕಾನೇರದಲ್ಲಿ ರೈಲ್ವೆಯ ಉದ್ಯೋಗಿ. ಎಂಟು ವರ್ಷದವರೆಗೆ ಇಲ್ಲಿಯೇ ಬೆಳೆದ ಆಕೆಗೆ ಹಿಂದಿಯು ಎರಡನೆಯ ಭಾಷೆಯಾಗಿದ್ದಿತು. (1976ರಲ್ಲಿ ‘ದಿ ನ್ಯೂ ಅವೆಂಜರ್ಸ್’ ಎಂಬ ಹೆಸರಿನಿಂದ ಕಥೆಯನ್ನು ಮುಂದುವರಿಸಿದಾಗ ಸ್ಟೀಡನ ಜತೆಗೆ ಬಂದ ಜೊವಾನಾ ಲಮ್ಲಿ ಹುಟ್ಟಿದುದೂ ಶ್ರೀನಗರದಲ್ಲಿ. ಬೀದಿಯಿಂದ ಅಳಿಸಿಹಾಕಿದ ಭಾರತವು ನಟಿಯರ ಜಾತಕದಲ್ಲಿ ಉಳಿದಿದ್ದಿತು.) ಶೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿ ಬಂದ ಆಕೆಯು ಈ ಕಥಾಮಾಲೆಯಲ್ಲಿ ಒಂದು ವರ್ಷ ದುಡಿದು, ಅದರ ಹೆಸರನ್ನು ಎರಡು ಖಂಡಗಳಲ್ಲಿ ಬೆಳಗಿಸಿದ ಮೇಲೆ, ಕ್ಯಾಮೆರಾ ಹಿಡಿಯುವವನಿಗೆ ತನಗಿಂತ ಹೆಚ್ಚು ಸಂಬಳವೆಂಬುದನ್ನು ಕಂಡುಕೊಂಡಳು. ಆಕೆಯು ಹೆಚ್ಚು ಕೇಳಿದಳು. ಸಂಬಳವು ಏರಿತು, ಆದರೆ ಪತ್ರಿಕೆಗಳು ಆಕೆಯನ್ನು ಹಣದಾಸೆಯವಳೆಂದು ಚಿತ್ರಿಸಿದುವು. ಉದ್ಯಮದ ಒಬ್ಬ ಹೆಂಗಸೂ ತನ್ನ ಬೆಂಬಲಕ್ಕೆ ಬರಲಿಲ್ಲ, ಜತೆಗಾರ ಮ್ಯಾಕ್ನೀಯೂ ಬರಲಿಲ್ಲ ಎಂದು ಆಕೆಯೇ ಮುಪ್ಪಿನಲ್ಲಿ ಹೇಳಿದಳು. 1967ರ ಚಿತ್ರೀಕರಣ ಮುಗಿದ ಮೇಲೆ ಆಕೆಯು ಹೊರಟುಹೋದಳು.

ಸ್ತ್ರೀಯನ್ನು ಸಮಾನಳೆಂದು ತೋರಿಸಿ ಜಗತ್ತಿಗೆಲ್ಲ ಮಾರಿದ ಕಂಪೆನಿಯು ಅದೇ ಸ್ತ್ರೀಗೆ ಸಮಾನವಾದ ಕೂಲಿಯನ್ನು ಕೊಡಲು ಜಗಳವಾಡಬೇಕಾಯಿತು! ಡಾಗೆನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಮೋಟಾರಿನ ಆಸನಗಳಿಗೆ ಹೊಲಿಗೆ ಹಾಕುತ್ತಿದ್ದ ಹೆಂಗಸರು ಸಂಬಳಕ್ಕಾಗಿ ಮುಷ್ಕರ ಹೂಡಿದುದು 1968ರಲ್ಲಿ. ಸಮಾನವೇತನದ ಕಾನೂನು 1970ರಲ್ಲಿ ಹುಟ್ಟಿ 1975ರ ಕಡೆಯಲ್ಲಿ ಜಾರಿಗೆ ಬಂದಿತು. ಈ ಹೆಂಗಸರೆಲ್ಲರಿಗಿಂತ ಮುಂಚೆ, ಸಂಘದ ಬಲವಿಲ್ಲದೆ ಒಬ್ಬಳೇ ನಿಂತು, ನಟಿಯೊಬ್ಬಳು ಕೇಳಿದ ಪ್ರಶ್ನೆಯು ಆಕೆಯು ಪರದೆಯ ಮೇಲೆ ಕೆಡವಿದ ಎಲ್ಲ ದುಷ್ಟರಿಗಿಂತ ಹೆಚ್ಚಿನ ಸಾಹಸದ್ದು. ಕಾಲಕ್ಕಿಂತ ಮುಂದೆ ನಡೆದವರು ಕರ್ತರೆಂದು ಹೇಳುವವರು ಈ ಲೆಕ್ಕವನ್ನು ಯಾರ ಹೆಸರಿಗೆ ಬರೆಯುತ್ತಾರೆ?

ಇನ್ನೊಂದು ಭ್ರಮೆಯುಂಟು. ಹಳೆಯ ಕೋಟೆಗಳು, ಚಹದ ಬಟ್ಟಲು, ಹಸುರು ಹಳ್ಳಿ, ನರಿಬೇಟೆ—ಇವೆಲ್ಲ ಸೇರಿ ಇಂಗ್ಲೆಂಡಿನ ಆತ್ಮವೇ ಇದರಲ್ಲಿ ಮೈದೋರಿತೆಂಬ ಸ್ತೋತ್ರ. ವಸ್ತುಸ್ಥಿತಿಯು ಬೇರೆ. ಮೊದಲನೆಯ ವರ್ಷದ ಕಥೆಗಳಲ್ಲಿ ಮಾದಕದ್ರವ್ಯದ ವ್ಯಾಪಾರಿಗಳಿದ್ದರು, ಕೂಲಿಗೆ ಹೊಡೆಯುವ ಪುಂಡರಿದ್ದರು, ನಗರದ ಸಂದಿಗೊಂದಿಗಳಿದ್ದುವು. 1965ರಲ್ಲಿ ಅಮೆರಿಕಾಕ್ಕೆ ಮಾರಬೇಕೆಂಬ ಹಂಚಿಕೆಯಾಯಿತು. ಸ್ಟೂಡಿಯೋದಲ್ಲಿ ವಿಡಿಯೋ ಟೇಪಿಗೆ ಹಿಡಿಯುವುದನ್ನು ಬಿಟ್ಟು, ಸಿನಿಮಾದಂತೆ ಫಿಲ್ಮಿನ ಮೇಲೆ ತೆಗೆಯತೊಡಗಿದರು. ಅಲ್ಲಿಯ ಎ.ಬಿ.ಸಿ. ಎಂಬ ಪ್ರಸಾರಸಂಸ್ಥೆಯು (ಹೆಸರೊಂದೇ ಆದರೂ ಇಲ್ಲಿಯ ಕಂಪೆನಿಗೂ ಅದಕ್ಕೂ ಸಂಬಂಧವಿಲ್ಲ) 1966ರಿಂದ ಅದನ್ನು ತೋರಿಸಿತು. ಕೊಳ್ಳುವವರಿಗೆ ಎಂತಹ ಇಂಗ್ಲೆಂಡು ಬೇಕೋ ಅಂತಹುದನ್ನು ಕಟ್ಟಿ ಕಳುಹಿಸಿದರು. ಬೀದಿಯ ಜನರು ಬೀದಿಯನ್ನು ಬಿಟ್ಟುದೂ ಆ ವೇಳೆಗೆಯೇ. ಮೈಸೂರಿನ ಗಂಧದ ಬೊಂಬೆಯನ್ನು ನೋಡಿ ಮೈಸೂರನ್ನೇ ಕಂಡೆನೆನ್ನುವ ಪ್ರವಾಸಿಯ ಸಂತೋಷವು ಅಂತಹುದೇ. ಆದರೆ ಅಂಗಡಿಯವನು ತಾನೇ ಹಾಗೆ ನಂಬಿಬಿಟ್ಟರೆ ಏನು ಹೇಳುವುದು? 1967ರ ನವೆಂಬರಿನಲ್ಲಿ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40 ಡಾಲರಿಗೆ ಇಳಿಸಿದಾಗ ಈ ಕಥೆಗೆ ಬಣ್ಣ ಬಂದು ಒಂದು ವರ್ಷವೂ ತುಂಬಿರಲಿಲ್ಲ.

ಗುಪ್ತದಳದ ನಿಜಚರಿತ್ರೆಯೊಡನೆ ಹೋಲಿಸಿದರೆ ಸ್ಟೀಡನ ಟೋಪಿಯು ಮತ್ತೂ ವಿಚಿತ್ರವಾಗಿ ಕಾಣುವುದು. ಬರ್ಜೆಸ್, ಮ್ಯಾಕ್ಲೀನ್ ಎಂಬವರು 1951ರಲ್ಲಿಯೂ, ಫಿಲ್ಬಿಯು 1963ರಲ್ಲಿಯೂ ರಷ್ಯಕ್ಕೆ ಓಡಿಹೋದರು. ಮೂವರೂ ಕೇಂಬ್ರಿಜ್ಜಿನವರು, ಒಳ್ಳೆಯ ಮನೆತನದವರು, ಒಳ್ಳೆಯ ದರ್ಜಿಗಳಿದ್ದವರು; ಇವರ ಉಡುಪನ್ನೂ ಉಚ್ಚಾರಣೆಯನ್ನೂ ನೋಡಿಯೇ ಬಹುಕಾಲ ಯಾರೂ ಇವರನ್ನು ಶಂಕಿಸಿರಲಿಲ್ಲ. ಅದಾದ ಎರಡೇ ವರ್ಷಗಳಲ್ಲಿ, ಒಳ್ಳೆಯ ಉಡುಪಿನವನೇ ದೇಶದ ರಕ್ಷಕನೆಂದು ಹೇಳುವ ಕಥೆಯು ಜನಪ್ರಿಯತೆಯ ಶಿಖರವನ್ನೇರಿತು. ಗಾಯಕ್ಕೆ ಔಷಧವಲ್ಲ ಇದು. ಗಾಯದ ಮೇಲೆ ಹಾಸಿದ ಶಾಲು.

ಇಷ್ಟು ದೋಷಗಳಿರುವುದಾದರೆ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯಬಾರದೇಕೆ ಎನ್ನುವ ಎರಡನೆಯ ಪಂಗಡವೊಂದುಂಟು. ಅವರದು ಮೊದಲಿನವರಿಗಿಂತ ಸೋಮಾರಿತನದ ಮಾರ್ಗ. ಪೆಟ್ಟಿಗೆಯಲ್ಲಿ ಹಾಕಿದ್ದರ ಗತಿಯೇನೆಂಬುದಕ್ಕೆ ದೃಷ್ಟಾಂತವು ಇಲ್ಲಿಯೇ ಇರುವುದು. ಆಗ ವಿಡಿಯೋ ಟೇಪು ಬೆಲೆಬಾಳುವ ಪದಾರ್ಥವಾದುದರಿಂದ, ಪ್ರಸಾರವಾದುದನ್ನು ಅಳಿಸಿ ಮತ್ತೆ ಬಳಸುವುದು ಟೆಲಿವಿಷನ್ ಕಂಪೆನಿಗಳ ವಾಡಿಕೆಯಾಗಿದ್ದಿತು. ಕಾಪಾಡಿಡಬೇಕೆಂದು ಯಾರಿಗೂ ತೋರಲಿಲ್ಲ. ಮೊದಲನೆಯ ವರ್ಷದ 26 ಕಂತುಗಳಲ್ಲಿ ಈಗ ಪೂರ್ತಿಯಾಗಿ ಉಳಿದಿರುವುವು ಮೂರು. ಮೊಟ್ಟಮೊದಲ ಕಂತಿನ ಆರಂಭಭಾಗ ಮಾತ್ರ ಉಂಟು. ಆ ಮೂರರಲ್ಲಿ ‘ಟನಲ್ ಆಫ್ ಫಿಯರ್’ ಎಂಬುದು ಸಿಕ್ಕಿದುದು 2016ರಲ್ಲಿ. ನಗುವುದಕ್ಕೆ ಮೊದಲು ಕನ್ನಡಿಗರು 1934ರ ‘ಸತಿ ಸುಲೋಚನ’ವನ್ನು ನೆನೆಯುವುದು ಒಳಿತು: ಕನ್ನಡದ ಮೊದಲ ವಾಕ್ಚಿತ್ರದ ಪ್ರತಿಯೊಂದೂ ಉಳಿದಿಲ್ಲ. ಮೊದಲ ವರ್ಷದ ಸ್ಟೀಡನು ಹೇಗಿದ್ದನು, ಅವನ ಬೀದಿಯಲ್ಲಿ ಯಾರು ಯಾರು ನಡೆದಾಡುತ್ತಿದ್ದರು ಎಂದು ಕಣ್ಣಾರೆ ಕಂಡು ತೀರ್ಮಾನಿಸುವುದು ಈಗ ಯಾರಿಗೂ ಸಾಧ್ಯವಿಲ್ಲ. ದೋಷವುಳ್ಳುದನ್ನು ಮುಚ್ಚಿಟ್ಟರೆ ದೋಷದ ಸಾಕ್ಷ್ಯವೇ ಮೊದಲು ನಾಶವಾಗುವುದು.

ಅದೂ ಅಲ್ಲದೆ, ಇದರಲ್ಲಿ ಒಳ್ಳೆಯದು ನಿಜವಾಗಿಯೂ ಒಳ್ಳೆಯದು. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿದ್ದು ಬಂದ ಮ್ಯಾಕ್ನೀಯು ತನ್ನ ಪಾತ್ರಕ್ಕೆ ಪಿಸ್ತೂಲು ಬೇಡವೆಂದು ಹೇಳಿ ಕೊಡೆಯಿಂದಲೇ ಕೆಲಸ ಸಾಗಿಸಿದನು. ಸಾವನ್ನು ಕಂಡವನ ಆ ಸಂಕೋಚವು ಅಂದಿನ ಗೂಢಚಾರರ ಕಥೆಗಳಲ್ಲಿ ಅಪರೂಪ. 1966ರ ‘ದಿ ಹೌಸ್ ದಟ್ ಜ್ಯಾಕ್ ಬಿಲ್ಟ್’ ಕಂತಿನಲ್ಲಿ ಎಮ್ಮಾ ಪೀಲಳು ಒಬ್ಬಂಟಿಗಳಾಗಿ ಒಂದು ಮನೆಯೊಳಗೆ ಸಿಕ್ಕಿಬೀಳುವಳು. ಮನುಷ್ಯನ ಬದಲು ಯಂತ್ರವನ್ನು ನಿಲ್ಲಿಸಬೇಕೆಂದು ಹಟಹಿಡಿದು, ಆಕೆಯ ತಂದೆಯ ಉದ್ಯಮದಿಂದ ಹೊರಹಾಕಲ್ಪಟ್ಟ ಕೆಲ್ಲರ್ ಎಂಬ ಯಂತ್ರಶಾಸ್ತ್ರಜ್ಞನು ಸೇಡಿಗಾಗಿ ಕಟ್ಟಿದ ಮನೆಯದು. ಗೋಡೆಗಳು ಸರಿಯುತ್ತವೆ, ಯಾವ ಬಾಗಿಲು ತೆರೆದರೂ ಹೊರಟಲ್ಲಿಗೇ ಬಂದು ಸೇರುವುದಾಗುತ್ತದೆ; ಕಟ್ಟಿದವನು ಸತ್ತುಹೋಗಿದ್ದಾನೆ, ಯಂತ್ರವು ಮಾತ್ರ ಅವನ ದ್ವೇಷವನ್ನು ತಪ್ಪದೆ ನಡೆಸುತ್ತಿದೆ. ಆಕೆಯನ್ನು ಕೊಲ್ಲುವುದಲ್ಲ, ಹುಚ್ಚು ಹಿಡಿಸುವುದು ಅದರ ಉದ್ದೇಶ. ಡಯಾನಾ ರಿಗ್ ಇಲ್ಲಿ ಭಯವನ್ನು ಮರೆಮಾಚುವುದಿಲ್ಲ. ಭಯಪಡುತ್ತಲೇ ಯೋಚಿಸುವುದು ಹೇಗೆಂಬುದನ್ನು ತೋರಿಸುವಳು. ಯಂತ್ರದ ಕ್ರಮವನ್ನು ತಾನೇ ಊಹಿಸಿ, ತಾನೇ ಅದನ್ನು ನಿಲ್ಲಿಸಿ, ಸ್ಟೀಡನು ಬಂದು ತಲಪುವ ವೇಳೆಗೆ ಆಕೆಯು ಕೆಲಸವನ್ನು ಮುಗಿಸಿರುವಳು. ಮುಳ್ಳುಪಟ್ಟಿಯೂ ಇಲ್ಲ, ಕುಣಿತವೂ ಇಲ್ಲ. ಸ್ತ್ರೀಸಮಾನತೆಯ ಪಕ್ಷದವರಿಗೆ ಹಿಡಿದು ತೋರಿಸಲು ಏನಾದರೂ ಬೇಕಿದ್ದರೆ ಈ ಒಂದು ಕಂತಿನ ತೂಕವು ಉಡುಪಿನ ನೂರು ಚಿತ್ರಗಳಿಗಿಲ್ಲ.

ವಿದ್ಯಾವಂತ ಕನ್ನಡ ಮನೆಗಳಲ್ಲಿ ಪತ್ತೇದಾರಿಯ ಕಥೆಯನ್ನು ದಿಂಬಿನ ಕೆಳಗಿಟ್ಟು ಓದಿ, ಹತ್ತು ಜನರೆದುರಿಗೆ ಅದನ್ನು ಸಾಹಿತ್ಯವೇ ಅಲ್ಲವೆಂದು ಹೇಳುವ ಪದ್ಧತಿಯೊಂದುಂಟು. ಸಾಹಿತ್ಯವಲ್ಲವೆಂದ ಮೇಲೆ ಅದರ ಗುಣದೋಷಗಳನ್ನು ವಿಚಾರಿಸಬೇಕಾಗಿಲ್ಲವಷ್ಟೆ! ಇಂಗ್ಲೆಂಡಿನ ಭಕ್ತರೂ ವಿನೋದವೆಂಬ ಶಬ್ದದಿಂದ ಪಡೆದುಕೊಂಡುದು ಇದೇ ವಿನಾಯಿತಿಯನ್ನು. ಡಿಸ್ಕುಗಳ ಮೂಲಕವೂ ಇಂಟರ್‌ನೆಟ್ಟಿನ ಮೂಲಕವೂ ಈ ಹಳೆಯ ಕಥಾಮಾಲೆಗಳು ಊರೂರಿನ ಮನೆಗಳಿಗೆ ಬಂದು ಸೇರುತ್ತಿರುವಾಗ, ಅವುಗಳೊಡನೆ ಸ್ತೋತ್ರಗಳೂ ಬರುವುವು. ಸ್ತೋತ್ರ ಬರೆಯುವವರು ಕ್ಲೆಮೆನ್ಸನ ನಿಯಮಗಳನ್ನೂ ಡಯಾನಾ ರಿಗ್ಗಳ ಸಂಬಳದ ಜಗಳವನ್ನೂ ಎರಡೆರಡು ಸಾಲುಗಳಲ್ಲಿಯಾದರೂ ಜತೆಗೆ ಅಚ್ಚುಹಾಕಲಿ. ಆಮೇಲೆ ಮನೆಯವರೆಲ್ಲ ಕುಳಿತು ನೋಡಲಿ. ಮೊದಲಿಗೆ ಹರ್ಟ್‌ಫರ್ಡ್‌ಶೈರಿನ ಕರ್ನಲನ ಕಂತನ್ನೇ ಹಾಕಲಿ.